ಬಹುವಚನದ ಮನೆ

ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ‘ತೊಂದರೆ’ ಎಂಬ ಪದ. ‘ನಿಮಗೆ ತೊಂದರೆ ಇಲ್ಲ ಅಂದ್ರೆ ಕಿಟಕಿ ತೆಗೀಲಾ?’ ‘ತೊಂದರೆ ತಗೋಬೇಡಿ, ನನ್ನ ತಟ್ಟೆ ನಾನೇ ತೊಳ್ಕೋತೀನಿ.’ ಇದ್ದವರು ಇಬ್ಬರು. ಒಬ್ಬಳು ನಾನು, ಇನ್ನೊಬ್ಬಳು ನನ್ನ ಗಂಡನ ಮೊದಲ ಹೆಂಡತಿಯ ಮಗಳು. ಯಜಮಾನರು ಹೋದಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಒಂದು ಅಡುಗೆಮನೆ, ಒಂದು ಬಚ್ಚಲು ಮತ್ತು ಬೇಕಾದಷ್ಟು ಮರ್ಯಾದೆ.

ನಾನು ಆ ಮನೆಗೆ ಬಂದಾಗ ಹುಡುಗಿ ಕಾಲೇಜಿನಲ್ಲಿದ್ದಳು. ಈಗ ಮೂವತ್ತು ದಾಟಿದೆ, ನನ್ನ ಬಾಯಲ್ಲಿ ಇನ್ನೂ ಹುಡುಗಿಯೇ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತಾ ‘ಈಗ ಸರಿಯಾಗಿ ಕಾಣ್ಸುತ್ತಾ, ಮುಂಚಿನದೇ ಚೆನ್ನಾಗಿತ್ತಾ?’ ಎಂದು ದಿನವಿಡೀ ಕೇಳುತ್ತಾಳೆ. ಅದೇ ದನಿಯಲ್ಲಿ ಮನೆಗೆ ಬಂದು ನನ್ನನ್ನು ‘ಟೀ ಕುಡೀತೀರಾ?’ ಎಂದು ಕೇಳುತ್ತಿದ್ದಳು. ಚಿಕ್ಕಮ್ಮ ಎಂದು ಕರೆ ಅಂತ ಯಜಮಾನರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆ ಪದ ಅವಳ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಅಮ್ಮ ಎನ್ನಲು ಮನಸ್ಸಿಲ್ಲ, ಹೆಸರು ಹಿಡಿಯಲು ಧೈರ್ಯವಿಲ್ಲ. ಕೊನೆಗೆ ನನ್ನನ್ನು ಏನೂ ಕರೆಯದೆ ಕಾಲ ಹಾಕುವ ವಿದ್ಯೆ ಕಲಿತಳು. ‘ಇಲ್ನೋಡಿ’, ‘ಕೇಳಿಸ್ತಾ’, ‘ಒಂದ್ನಿಮಿಷ’, ಇವೇ ನನ್ನ ಹೆಸರುಗಳು. ಬೇರೆಯವರ ಮುಂದೆ ನಾನು ‘ಮನೇಲಿ ಅವರು’.

ನಾನೂ ಏನು ಕಮ್ಮಿಯಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮೇಜು ನೋಡಿಕೊಳ್ಳುವವಳು ನಾನು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಿಷನ್ ಬಿಡುತ್ತೇವೆ. ಒಂದು ಗೆರೆ ತಪ್ಪಿದರೆ ಒಂದು ಶಾಲೆಯ ಅಂಗಿಗಳೆಲ್ಲಾ ಹಾಳು. ಅದಕ್ಕೇ ಅಲ್ಲಿ ನನ್ನ ಬಾಯಿಗೆ ಬೀಗವಿಲ್ಲ. ಕತ್ತೆ, ಕೋಣ, ಕಣ್ಣೇನು ಹಿಂದೆ ಇದೆಯಾ ಎಂದು ಬೈಯುತ್ತೇನೆ. ಬೈಸಿಕೊಂಡವರೇ ಮಧ್ಯಾಹ್ನ ಕೇಳದೆಯೇ ನನ್ನ ಡಬ್ಬಿಗೆ ಕೈಹಾಕುತ್ತಾರೆ. ಆದರೆ ಮನೆಯ ಹೊಸ್ತಿಲು ದಾಟಿದರೆ ನಾನು ಬೆಣ್ಣೆ. ಅದಕ್ಕೆ ಕಾರಣವಿದೆ. ಸರ್ಕಾರ ಯಾವುದಾದರೂ ಊರಿಗೆ ರಸ್ತೆ ಮಾಡಿಸದಿದ್ದರೆ ಪತ್ರಿಕೆಯವರು ಏನೆಂದು ಬರೆಯುತ್ತಾರೆ? ಮಲತಾಯಿ ಧೋರಣೆ. ರಸ್ತೆ ಮಾಡಿಸದವನು ಯಾವನೋ ಮಂತ್ರಿ, ಕೆಟ್ಟ ಹೆಸರು ಮಾತ್ರ ನಮ್ಮಂಥವರಿಗೆ. ಹೆತ್ತವಳು ಬೈದರೆ ಅಕ್ಕರೆ, ನಾನು ಬೈದರೆ ಸುದ್ದಿ. ಹಾಗಾಗಿ ಹುಡುಗಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಹೋದರೂ ನಾನೇ ಎತ್ತಿ ಒಣಹಾಕಿ, ಬಾಯಿ ಹೊಲಿದುಕೊಂಡು ಸುಮ್ಮನಿರುತ್ತಿದ್ದೆ.

ಆ ವರ್ಷ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಕಾರ್ಖಾನೆಯ ಹಿಂದುಗಡೆ ಮಾಲೀಕರ ಒಂದು ಕೋಣೆ ಖಾಲಿಯಾಗಿತ್ತು. ಒಂದು ಕಿಟಕಿ, ಒಂದು ಒಲೆ, ಬಟ್ಟೆ ತೂಗುಹಾಕಲು ಗೋಡೆಗೆ ಹೊಡೆದ ಒಂದು ಮೊಳೆ. ಒಬ್ಬಳಿಗೆ ಧಾರಾಳವಾಯಿತು. ಈಗಿರುವ ಮನೆ ಅವಳ ಅಪ್ಪನದು, ಅಪ್ಪನೇ ಇಲ್ಲ, ಇನ್ನು ನಾನು ಯಾವ ಲೆಕ್ಕ? ತಿಂಗಳು ಮುಗಿದಮೇಲೆ ಬರುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೆ. ಹುಡುಗಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಅವಳು ‘ನಿಮಗೆ ಹೇಗೆ ಅನುಕೂಲವೋ ಹಾಗೆ’ ಎನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಎದುರುಬದುರು ನಿಂತು, ಅವಳ ಮುಖ ನೋಡುತ್ತಾ ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಸತ್ಯ ಹೇಳಬೇಕೆಂದರೆ ಹೋಗಬೇಡ ಎಂದು ಅವಳು ಅನ್ನಲಿ ಎಂಬ ಆಸೆ ಹೊಟ್ಟೆಯೊಳಗೆ ಕೂತಿತ್ತು.

ಅಷ್ಟರಲ್ಲಿ ಈ ಚಾರಣ ಬಂತು. ಬೆಟ್ಟಸಾಲಿನ ನೆತ್ತಿಯ ಮೇಲೆ ಹೋಗುವ ದೊಡ್ಡ ಹಾದಿ. ನಡೆದು ಮುಗಿಸಲು ಎರಡು ವಾರ, ದಿನದ ನಡಿಗೆಗೊಂದು ತಂಗುಮನೆ. ಹುಡುಗಿ ಅಂಗಡಿಯ ಗೆಳತಿಯ ಜೊತೆ ಹೊರಡುವವಳಿದ್ದಳು. ಗೆಳತಿ ಹಿಂದಿನ ವಾರ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಆ ಹಾದಿಗೆ ಒಂಟಿಯಾಗಿ ಬಿಡುವುದಿಲ್ಲವಂತೆ. ಕಟ್ಟಿದ್ದ ಚೀಲವನ್ನು ಹುಡುಗಿ ಮತ್ತೆ ಬಿಚ್ಚುತ್ತಾ ಕೂತದ್ದನ್ನು ನೋಡಿ ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು.

‘ನಾನು ಬರಲಾ?’

ಅವಳು ತಲೆ ಎತ್ತಿದಳು. ‘ನಿಮಗೆ ತೊಂದರೆ ಆಗಲ್ವಾ?’

‘ದಿನಾ ನಿಂತೇ ಕೆಲಸ ಮಾಡೋ ಕಾಲು ಇದು. ಅದಕ್ಕೇನಾಗುತ್ತೆ?’

ನಡೆಯುವಾಗ ಇಬ್ಬರೂ ಮುಂದೆ ನೋಡುತ್ತಿರುತ್ತೇವೆ. ಕೋಣೆಯ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎನ್ನಿಸಿತ್ತು.

ಆದರೆ ಒಟ್ಟಿಗೆ ನಡೆದರೆ ತಾನೆ ಮಾತು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು ನಮ್ಮ ಜೋಡಿ. ಏರಿನಲ್ಲಿ ಅವಳು ಮುಂದೆ, ನಾನು ನಾಯಿಯ ಹಾಗೆ ತೇಕುತ್ತಾ ಹಿಂದೆ. ಇಳುಕಲಿನಲ್ಲಿ ನಾನು ಸರಸರ ಇಳಿದುಬಿಡುತ್ತಿದ್ದೆ, ಅವಳು ಒಂದೊಂದೇ ಹೆಜ್ಜೆ ಇಡುತ್ತಾ ಹಿಂದುಳಿಯುತ್ತಿದ್ದಳು. ಸಿಕ್ಕಾಗೆಲ್ಲ ಅದೇ ಮಾತು. ‘ನೀವು ಕೂತ್ಕೊಳಿ.’ ‘ಪರವಾಗಿಲ್ಲ, ನೀನು ಕೂತ್ಕೋ.’ ಒಂದು ಕಲ್ಲಿಗೆ ಇಬ್ಬರೂ ಮರ್ಯಾದೆ ಮಾಡುತ್ತಾ ನಿಂತೇ ಇರುತ್ತಿದ್ದೆವು. ನಾನು ಅವಳಿಗೆ ನೀನು ಎನ್ನುತ್ತಿದ್ದೆ ನಿಜ. ಅಳತೆ ಕೊಡಲು ಬಂದ ಗಿರಾಕಿಯ ಮಗುವಿಗೆ ಹೇಳುವಷ್ಟು ಮೆತ್ತಗಿನ ನೀನು ಅದು.

ಹಾದಿಯ ಮಂದಿಯೇ ಬೇರೆ. ಅಲ್ಲಿ ನೀವು ಯಾರ ಪೈಕಿ, ಯಾರ ಮನೆಯವರು ಎಂದು ಒಬ್ಬರೂ ಕೇಳುವುದಿಲ್ಲ. ಬೆಳಿಗ್ಗೆ ಎಲ್ಲಿಂದ ಹೊರಟಿರಿ, ಮುಂದೆ ನೀರಿದೆಯಾ, ಇಷ್ಟೇ ಪ್ರಶ್ನೆ. ಯಾರದೋ ಬ್ರೆಡ್ಡು, ಯಾರದೋ ಚಾಕು, ಯಾರದೋ ಬೇಯಿಸಿದ ಆಲೂಗಡ್ಡೆ, ತಿನ್ನುವವರು ಎಲ್ಲರೂ. ಎರಡನೆಯ ದಿನಕ್ಕೇ ನಾನು ಎಲ್ಲರ ಹರಿದ ಚೀಲ ಹೊಲಿದುಕೊಡುವ ಟೈಲರಮ್ಮ ಆಗಿದ್ದೆ. ಗುರುತಿಲ್ಲದವರ ನಡುವೆ ಕೂತು ಬಾಯಿತುಂಬಾ ಬೈಯುತ್ತಾ, ಬೈಸಿಕೊಳ್ಳುತ್ತಾ ಇದ್ದಾಗ ಒಮ್ಮೊಮ್ಮೆ ಹುಡುಗಿ ದೂರದ ಬೆಂಚಿನಿಂದ ನನ್ನನ್ನೇ ನೋಡುತ್ತಿದ್ದಳು. ಇವರಿಗೆ ಇಷ್ಟು ಮಾತು ಬರುತ್ತಾ ಎನ್ನುವಂತೆ.

ನಮ್ಮ ಜೊತೆಜೊತೆಗೇ ನಡೆಯುತ್ತಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್ ಮತ್ತು ಅವರ ಹೆಂಡತಿ. ಆತನಿಗೆ ಜೀವಮಾನವಿಡೀ ನಡೆದು ಅಭ್ಯಾಸ, ಸುಮ್ಮನೆ ಮುಂದೆ ಹೋಗಿಬಿಡುತ್ತಿದ್ದರು. ಆಕೆ ಹಿಂದಿನಿಂದ ಕೂಗುತ್ತಿದ್ದರು. ‘ರೀ, ನೀರು.’ ‘ರೀ, ನಿಧಾನ.’ ‘ರೀ, ಆ ಕಡೆ ಯಾಕ್ರೀ?’ ಇಡೀ ಬೆಟ್ಟಸಾಲಿಗೆ ಆ ‘ರೀ’ ಪರಿಚಯವಾಗಿತ್ತು. ಇಳಿವಯಸ್ಸಿನಲ್ಲಿ ಹೀಗೆ ಕೂಗಿಸಿಕೊಳ್ಳುವುದೂ ಒಂದು ಪುಣ್ಯ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೊದಲ ವಾರ ಕಳೆಯಿತು. ಕೋಣೆಯ ಮಾತು ನಾಲಿಗೆಯ ತುದಿಗೆ ಬರುವುದು, ಉಗುಳು ನುಂಗಿಕೊಳ್ಳುವುದು, ಅಷ್ಟೇ ಆಯಿತು. ಅತಿ ಎತ್ತರದ ಬೆಟ್ಟ ದಾಟುವ ದಿನ ಬಂತು. ತಂಗುಮನೆ ನೋಡಿಕೊಳ್ಳುವಾತ ಬೆಳಿಗ್ಗೆ ಎಲ್ಲರಿಗೂ ಟೀ ಕೊಡುತ್ತಾ ಎಚ್ಚರಿಸಿದ: ‘ಮಂಜು ಮುಚ್ಚಿದ್ರೆ ಹಳದಿ ಬಣ್ಣದ ಗುರುತಿರೋ ಕಲ್ಲಿನ ಹತ್ರ ಕೂತ್ಬಿಡಿ. ಅಲ್ಲಿಂದಾನೇ ಕೂಗಿ. ಹುಡುಕ್ತೀನಿ ಅಂತ ಓಡಾಡ್ಬೇಡಿ, ಎಡಗಡೆ ಪ್ರಪಾತ ಇದೆ.’

ಮಧ್ಯಾಹ್ನ ಬೆಟ್ಟದ ನೆತ್ತಿ ದಾಟಿ ಇಳಿಯತೊಡಗಿದೆವು. ಎಂದಿನಂತೆ ನಾನು ಮುಂದಾದೆ. ಕೆಳಗಿನಿಂದ ಮಂಜು ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಬಂತು. ನೋಡನೋಡುತ್ತಾ ನನ್ನ ಮೊಣಕಾಲು ನನಗೇ ಕಾಣದಾಯಿತು. ಕೈಯಿಂದ ತಡವಿ ಹಳದಿ ಗುರುತಿನ ಕಲ್ಲೊಂದನ್ನು ಹಿಡಿದು, ಅದಕ್ಕೆ ಒರಗಿ ಕೂತೆ. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿನಿಂದ ಕೇಳಿಸಿತು.

‘ರೀ...’

ಪೋಸ್ಟ್‌ಮ್ಯಾನ್ ಹೆಂಡತಿ. ಪಾಪ, ಗಂಡ ಮತ್ತೆ ಕೈತಪ್ಪಿ ಹೋದರು ಎಂದುಕೊಂಡೆ. ಮಂಜಿನಲ್ಲಿ ದನಿ ಗಂಟಲು ಕಟ್ಟಿದಂತೆ ಬರುತ್ತಿತ್ತು. ನಾನೂ ನಡುವೆ ಕೂಗಿದರೆ ಗಂಡಹೆಂಡಿರಿಗೆ ಗೊಂದಲವಾಗುತ್ತದೆ, ಮೊದಲು ಅವರು ಒಬ್ಬರಿಗೊಬ್ಬರು ಸಿಗಲಿ ಎಂದು ಸುಮ್ಮನಾದೆ. ನನ್ನ ಈ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

‘ರೀ... ಎಲ್ಲಿದೀರಾ? ರೀ...’

‘ಏನೇ? ಬಂದೆ, ಅಲ್ಲೇ ಇರು,’ ಎಂದು ಬಲಗಡೆಯೆಲ್ಲೋ ಪೋಸ್ಟ್‌ಮ್ಯಾನ್ ಉತ್ತರ ಕೊಟ್ಟರು. ಸದ್ಯ, ಸಿಕ್ಕರು ಎಂದು ನಿಟ್ಟುಸಿರು ಬಿಟ್ಟೆ.

ಆದರೆ ಆ ಕೂಗು ನಿಲ್ಲಲಿಲ್ಲ. ಹತ್ತಿರವಾಗುವ ಬದಲು ದೂರ ಸರಿಯಿತು. ಕಲ್ಲುಗಳು ಉರುಳಿದ ಸದ್ದಾಯಿತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೆಟ್ಟ ಸೀಳಿಹೋಗುವಂತೆ ಒಂದು ಕಿರುಚು.

‘ಎಲ್ಲಿದ್ದೀಯಾ? ಎಲ್ಲಿ ಹಾಳಾಗಿ ಹೋದೆ? ಬದುಕಿದ್ದೀಯೋ ಇಲ್ವೋ ಬಾಯಿಬಿಟ್ಟು ಹೇಳು!’

ಯಾರನ್ನೋ ಯಾರೋ ಹುಡುಕುತ್ತಿದ್ದಾರೆ ಎಂದೇ ನಾನು ಭಾವಿಸಿದೆ. ಇಂಥ ಬೈಗುಳ ತಿನ್ನುವವರು ಪುಣ್ಯವಂತರು ಎಂದೂ ಅನ್ನಿಸಿತು. ನನ್ನನ್ನು ಹಾಗೆ ಏಕವಚನದಲ್ಲಿ ಗದರುತ್ತಿದ್ದವರೆಲ್ಲ ತೀರಿಕೊಂಡಿದ್ದಾರೆ. ಮತ್ತೊಮ್ಮೆ ‘ಹೇಳೇ!’ ಎಂದು ದನಿ ಒಡೆದು ಅಳುವಾಯಿತು. ಆ ಅಳುವನ್ನು ನಾನು ಒಮ್ಮೆ ಕೇಳಿದ್ದೆ, ಯಜಮಾನರು ಹೋದ ದಿನ, ಮುಚ್ಚಿದ ಬಾಗಿಲಿನ ಆಚೆಯಿಂದ.

‘ಇಲ್ಲಿದೀನಿ ಕಣೇ! ಓಡಬೇಡ! ಕೂತ್ಕೊಂಡು ಬಾ, ಎಡಕ್ಕೆ ಹೋಗ್ಬೇಡ!’ ಎಂದು ಕಾರ್ಖಾನೆಯ ಮಿಷನ್ನುಗಳ ನಡುವೆ ಕೂಗುವ ದನಿಯಲ್ಲಿ ಕೂಗಿದೆ. ಕೂಗುತ್ತಲೇ ಇದ್ದೆ. ಅವಳು ಮಂಜಿನೊಳಗಿಂದ ಅಂಬೆಗಾಲಿಟ್ಟುಕೊಂಡು ಬಂದಳು. ಮೊಣಕೈ ತರಚಿತ್ತು, ಮುಖವೆಲ್ಲಾ ಮಣ್ಣು. ಬಂದವಳೇ ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು.

‘ಕಿವಿ ಕೆಪ್ಪಾ ನಿಂಗೆ? ಅಷ್ಟು ಸಲ ಕರೆದೆನಲ್ಲ!’

‘ಪೋಸ್ಟ್‌ಮ್ಯಾನ್ ಹೆಂಡತಿ ಅಂದ್ಕೊಂಡೆ.’

‘ಏನು?’

‘ನೀನು ರೀ ಅಂದೆ.’

‘ಮತ್ತೆ ಏನಂತ ಕರೀಲಿ?’ ಎಂದಳು. ‘ಏನಂತ ಕರೀಬೇಕಿತ್ತು ನಾನು?’

ಇಬ್ಬರೂ ಕಲ್ಲಿಗೆ ಒರಗಿ, ಭುಜಕ್ಕೆ ಭುಜ ತಾಗಿಸಿ ಕೂತೆವು. ಸ್ವಲ್ಪ ಹೊತ್ತಿಗೆ ಪೋಸ್ಟ್‌ಮ್ಯಾನ್ ಕೋಲು ಊರುತ್ತಾ ಬಂದು ‘ಯಾರ್ರೀ ನನ್ನ ಕರೆದಿದ್ದು?’ ಎಂದರು. ಹಿಂದೆಯೇ ಬಂದ ಹೆಂಡತಿ, ‘ನಾನು ಇವರ ಪಕ್ಕದಲ್ಲೇ ನಿಂತಿದ್ದೆ. ನಾನು ಕರೆದ್ರೆ ಕೇಳ್ಸಲ್ಲ, ಬೇರೆಯವರು ಕರೆದ್ರೆ ನೋಡಿ ಹೇಗೆ ಓಡ್ತಾರೆ,’ ಎಂದರು. ಎಲ್ಲರೂ ನಕ್ಕೆವು. ಹುಡುಗಿ ಅಳುತ್ತಲೇ ನಕ್ಕಳು. ಮಂಜು ಸರಿಯುವವರೆಗೆ ಅವಳು ನನ್ನ ತೋಳು ಬಿಡಲಿಲ್ಲ. ಆ ಕಲ್ಲಿನ ಬುಡದಲ್ಲಿ ನನಗಿದ್ದಷ್ಟು ಸುಖ ಆ ಮನೆಯ ಯಾವ ಕೋಣೆಯಲ್ಲೂ ಇರಲಿಲ್ಲ.

ಸುಖ ಸಂಜೆಯವರೆಗೆ ಉಳಿಯಿತು. ತಂಗುಮನೆಯಲ್ಲಿ ಕೈಕಾಲು ತೊಳೆದು, ಬೆಚ್ಚಗೆ ಸೂಪು ಕುಡಿದ ಮೇಲೆ ಅವಳು ನನ್ನ ಮಂಚದ ಹತ್ತಿರ ಬಂದು ನಿಂತಳು. ತಲೆ ಬಾಚಿಕೊಂಡಿದ್ದಳು. ಕನ್ನಡಕದ ಅಂಗಡಿಯ ದನಿ ಮರಳಿತ್ತು.

‘ಸಾರಿ. ಭಯದಲ್ಲಿ ಏನೇನೋ ಅಂದ್ಬಿಟ್ಟೆ. ನೀವು ತಪ್ಪು ತಿಳ್ಕೋಬೇಡಿ.’

ಕೊಟ್ಟ ವಸ್ತುವನ್ನು ಕೈಯಿಂದ ಕಿತ್ತುಕೊಂಡ ಹಾಗಾಯಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬುದ್ಧಿ ಮೊಣಕಾಲಿಗಿಳಿಯುತ್ತದೆ. ಇಷ್ಟು ದಿನ ನುಂಗಿಕೊಂಡದ್ದನ್ನು ಅಲ್ಲೇ ಉಗುಳಿದೆ. ‘ಕಾರ್ಖಾನೆ ಹಿಂದೆ ಒಂದು ರೂಮ್ ಇದೆ. ಊರಿಗೆ ಹೋದ್ಮೇಲೆ ಅಲ್ಲಿಗೆ ಹೋಗ್ತೀನಿ ಅಂತ ಇದೀನಿ. ನಿಂಗೂ ಅನುಕೂಲ.’

ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ನೋಡುತ್ತಾ ನಿಂತಳು.

‘ನಿಮಗೆ ಹೇಗೆ ಅನುಕೂಲವೋ ಹಾಗೆ,’ ಎಂದಳು.

ಅಂದುಕೊಂಡ ಮಾತೇ ಬಂತು, ಒಂದಕ್ಷರ ಆಚೀಚೆ ಇಲ್ಲ. ಗೊತ್ತಿದ್ದೂ ಕೇಳಿದೆನಲ್ಲ, ನನ್ನ ಚಪ್ಪಲಿಯಲ್ಲಿ ನಾನೇ ಹೊಡೆದುಕೊಳ್ಳಬೇಕು.

ಮರುದಿನ ಅವಳು ಮುಂದೆ ನಡೆದಳು. ಇಳುಕಲಿನಲ್ಲೂ ಮುಂದೆ. ನಾನು ಬೇಕೆಂದೇ ಹಿಂದುಳಿದೆ. ಪೋಸ್ಟ್‌ಮ್ಯಾನ್ ದಂಪತಿ ನಮ್ಮ ಮುಖ ನೋಡಿ ಏನೂ ಕೇಳದೆ ದಾಟಿಕೊಂಡು ಹೋದರು. ಪೈನ್ ಮರಗಳ ನಡುವೆ ಹಾದಿ ಸಮತಟ್ಟಾಗಿತ್ತು, ಬಿಸಿಲು ಚೆನ್ನಾಗಿತ್ತು, ನೋಡಲು ಮನಸ್ಸಿರಲಿಲ್ಲ. ಅವಳ ಬೆನ್ನನ್ನೇ ನೋಡುತ್ತಾ ನಡೆದೆ. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಏನೋ ಸರಿಯಿಲ್ಲ ಎನ್ನಿಸಿತು. ಗೆರೆ ಓರೆಯಾದರೆ ತಕ್ಷಣ ಕಾಣುವ ಕಣ್ಣು ನನ್ನದು. ಅವಳು ಬಲಗಾಲನ್ನು ಪಾದದ ಅಂಚಿನ ಮೇಲೆ ಊರುತ್ತಿದ್ದಳು.

‘ಕಾಲಿಗೆ ಏನಾಗಿದೆ?’ ಎಂದು ಕೂಗಿದೆ.

‘ಏನಿಲ್ಲ. ನೀವು ತೊಂದರೆ ತಗೋಬೇಡಿ.’

ಅದೊಂದು ಪದ ಸಾಕಾಯಿತು. ಇಷ್ಟು ವರ್ಷ ಮಡಚಿಟ್ಟಿದ್ದ ನಾಲಿಗೆ ಬಿಚ್ಚಿಕೊಂಡಿತು.

‘ನಿಲ್ಲೇ ಕತ್ತೆ! ತೊಂದರೆಯಂತೆ ತೊಂದರೆ. ಕೂತ್ಕೋ ಅಲ್ಲಿ. ಬೂಟು ಬಿಚ್ಚು.’

ಅವಳು ಗರ ಬಡಿದವಳಂತೆ ನಿಂತಳು. ಆಮೇಲೆ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಮೆಲ್ಲಗೆ ಕೂತು ಬೂಟು ಬಿಚ್ಚಿದಳು. ಕಾಲುಚೀಲಕ್ಕೆ ರಕ್ತ ಅಂಟಿತ್ತು. ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿದಿತ್ತು.

‘ಎಷ್ಟು ದಿನದಿಂದ ಇದು? ಕಾಲಲ್ಲಿ ಇಷ್ಟು ದೊಡ್ಡ ಬೊಬ್ಬೆ ಇಟ್ಕೊಂಡು ಬಾಯಲ್ಲಿ ಒಂದು ಬೊಬ್ಬೆ ಹಾಕೋಕೆ ಆಗಲಿಲ್ವಾ? ಒದ್ದೆ ಕಾಲುಚೀಲ ಬೇರೆ. ಒದ್ದೆ ಟವೆಲ್, ಒದ್ದೆ ಕಾಲುಚೀಲ, ಒಣಗಿಸೋದು ಅನ್ನೋದು ನಿಂಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ಕೊಡು ಇಲ್ಲಿ ಕಾಲು.’

ಕಾಲನ್ನು ಎಳೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ನೀರಿನಿಂದ ತೊಳೆದೆ, ನನ್ನ ಒಣ ಬಟ್ಟೆಯಿಂದ ಒತ್ತಿದೆ, ಬಾಯಿ ಮಾತ್ರ ನಿಲ್ಲಿಸಲಿಲ್ಲ. ಬೈಯುತ್ತಾ ಬೈಯುತ್ತಾ ತಲೆ ಎತ್ತಿ ನೋಡಿದರೆ ಅವಳ ಕಣ್ಣಿಂದ ನೀರು ಧಾರೆ ಧಾರೆಯಾಗಿ ಇಳಿಯುತ್ತಿತ್ತು. ಮಲತಾಯಿ ಕೊನೆಗೂ ತನ್ನ ಬುದ್ಧಿ ತೋರಿಸಿದಳು ಎಂದು ನನ್ನ ಎದೆ ಒಡೆಯಿತು.

‘ಉರೀತಿದೆಯಾ?’ ಎಂದೆ ಮೆತ್ತಗೆ.

ಅವಳು ಅಲ್ಲವೆಂದು ತಲೆಯಾಡಿಸಿದಳು. ‘ಅಪ್ಪ ಹೇಳಿದ್ರು,’ ಎಂದಳು. ‘ನೀವು ಮನೆಗೆ ಬರೋ ಮುಂಚೆ. ಅವರಿಗೆ ಎದುರು ಮಾತಾಡ್ಬೇಡ, ಬೇಜಾರು ಮಾಡ್ಬೇಡ, ಅವರೂ ಬಿಟ್ಟು ಹೋದ್ರೆ ಮತ್ತೆ ನಾವಿಬ್ರೇ ಆಗ್ತೀವಿ ಅಂತ. ನಾನು ಇಷ್ಟು ವರ್ಷ ಎಷ್ಟು ಹುಷಾರಾಗಿದ್ದೆ. ನಿನ್ನೆ ಒಂದೇ ಒಂದು ದಿನ ಬಾಯಿ ಬಿಟ್ಟೆ. ನಿನ್ನೆ ರಾತ್ರೀನೇ ನೀವು ಹೋಗ್ತೀನಿ ಅಂದ್ರಿ.’

ಪಟ್ಟಿ ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಯಜಮಾನರು ಬದುಕಿದ್ದರೆ ಅವರಿಗೂ ಅವತ್ತು ಬೈಗುಳ ಕಾದಿತ್ತು. ಒಂದು ಮಗುವಿಗೆ ಇಂಥ ಬುದ್ಧಿ ಹೇಳುತ್ತಾರೆಯೇ ಯಾರಾದರೂ. ಅವಳ ಬಹುವಚನವನ್ನು ನಾನು ದೂರ ತಳ್ಳುವ ಮರ್ಯಾದೆ ಎಂದುಕೊಂಡಿದ್ದೆ. ಅದು ನನ್ನನ್ನು ಹಿಡಿದಿಟ್ಟುಕೊಳ್ಳಲು ಅವಳಿಗೆ ಗೊತ್ತಿದ್ದ ಒಂದೇ ದಾರಿಯಾಗಿತ್ತು.

‘ಪೆದ್ದಿ,’ ಎಂದೆ. ‘ನೀನು ಬೈದೆ ಅಂತ ಹೋಗ್ತೀನಿ ಅನ್ನಲಿಲ್ಲ. ಬೈದು ಆಮೇಲೆ ಸಾರಿ ಅಂದೆ ನೋಡು, ಅದಕ್ಕೆ ಅಂದೆ.’

ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು, ಯಾವ ಗಾಜು ಹಾಕಿದರೆ ಸರಿಯಾಗಿ ಕಾಣುತ್ತದೆ ಎಂದು ಪರೀಕ್ಷಿಸುವವಳಂತೆ. ನಾನು ಗಂಟು ಬಿಗಿದು, ಚೀಲದಿಂದ ನನ್ನ ಒಣ ಕಾಲುಚೀಲ ತೆಗೆದು ಅವಳ ಕಾಲಿಗೆ ಏರಿಸಿದೆ. ಬೂಟಿನ ದಾರ ಸಡಿಲ ಮಾಡಿ ಕಟ್ಟಿದೆ. ಅವಳು ಎದ್ದು ನಿಂತು, ಕಾಲನ್ನು ಒಮ್ಮೆ ಊರಿ ನೋಡಿ, ನನ್ನ ಚೀಲವನ್ನೂ ತಾನೇ ಎತ್ತಿ ಎದೆಗೆ ಹಾಕಿಕೊಂಡಳು. ಕಾಲಿಗೆ ನೋವಿರುವವಳು ಎರಡು ಚೀಲ ಹೊರುತ್ತಾಳೇನೆ ಎಂದು ನಾನು ಮತ್ತೆ ಶುರುಮಾಡಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

‘ಆ ಮಾಲೀಕರಿಗೆ ಫೋನ್ ಮಾಡಿ,’ ಎಂದಳು. ತಾನೇ ತಿದ್ದಿಕೊಂಡಳು. ‘ಮಾಡು. ರೂಮ್ ಬೇಡ ಅಂತ ಹೇಳು.’

ಫೋನ್ ತೆಗೆದು ನೋಡಿದೆ. ‘ಸಿಗ್ನಲ್ ಇಲ್ವಲ್ಲೇ.’

‘ಹಾಗಾದ್ರೆ ಸಿಗೋ ತನಕ ನಡಿ,’ ಎಂದಳು.